ಮೂಗು ಕೊಯ್ಸಿಕೊಂಡ ಪತ್ತೇದಾರ

ಬಾಡಿಗೆಗೆ ತಂದ ಸಿನಿಮಾ ಡಿಸ್ಕನ್ನು ಹೊತ್ತಿಗೆ ಸರಿಯಾಗಿ ವಾಪಸ್ ಕೊಡದವರಲ್ಲಿ ಮೂರು ಬಗೆ: ಮರೆತವರು, ಊರಿಗೆ ಹೋದವರು, ಮರ್ಯಾದಸ್ಥರು. ಮೊದಲ ಎರಡು ಬಗೆಯವರಿಂದ ಲೈಬ್ರರಿಯವನು ಲೇಟ್ ಫೀ ವಸೂಲು ಮಾಡುತ್ತಾನೆ. ಮೂರನೆಯವರಿಗೆ ನಮಸ್ಕಾರ ಹಾಕುತ್ತಾನೆ.

ಬೆಂಗಳೂರಿನ ಬಡಾವಣೆಗಳಲ್ಲಿ ಡಿವಿಡಿ ಲೈಬ್ರರಿಗಳು ಇನ್ನೂ ಉಸಿರಾಡುತ್ತಿದ್ದ ಕಾಲದ ಮಾತು. ನಾನು ಕೇಳಿದ್ದು ದೊಡ್ಡದೇನಲ್ಲ, 1974ರ ‘ಚೈನಾಟೌನ್’. ಬರೆದವರು ರಾಬರ್ಟ್ ಟೌನ್, ನಿರ್ದೇಶನ ರೋಮನ್ ಪೊಲನ್‌ಸ್ಕಿ, ಪತ್ತೇದಾರನಾಗಿ ಜಾಕ್ ನಿಕೋಲ್ಸನ್. ಆಸ್ಕರ್‌ಗೆ 11 ನಾಮನಿರ್ದೇಶನ ಪಡೆದು, ಕೊನೆಗೆ ಚಿತ್ರಕಥೆಗೊಂದೇ ಪ್ರಶಸ್ತಿ ಗಿಟ್ಟಿಸಿಕೊಂಡ ನತದೃಷ್ಟ.

“ಔಟ್ ಆಗಿದೆ ಸಾರ್, ಸಂಜೆ ಬನ್ನಿ” ಎಂದ ಕೌಂಟರಿನ ಹುಡುಗ. ಸಂಜೆ ಹೋದರೆ ಸೋಮವಾರ ಎಂದ. ಸೋಮವಾರ ಹೋದರೆ ಹಬ್ಬ ಮುಗಿಯಲಿ ಎಂದ. ಯಾವ ಹಬ್ಬ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ದೇಶದಲ್ಲಿ ಯಾವಾಗಲೂ ಒಂದು ಹಬ್ಬ ಬಾಕಿ ಇದ್ದೇ ಇರುತ್ತದಲ್ಲ.

“ಅಷ್ಟೊಂದು ಡಿಮ್ಯಾಂಡಾ ಇದಕ್ಕೆ?” ಅಂದೆ.

“ಹೆಸರು ನೋಡಿ ಕುಂಗ್‌ಫೂ ಅಂದ್ಕೊಂಡು ತಗೊಂಡು ಹೋಗ್ತಾರೆ ಸಾರ್. ಬೈಕೊಂಡು ತಂದ್ಕೊಡ್ತಾರೆ.”

“ಈಗ ಇಟ್ಕೊಂಡಿರೋರು ಇನ್ನೂ ಬೈತಾನೇ ಇದಾರಾ?”

ಹುಡುಗ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡ. ಸಿಬಿಐ ಕೂಡ ಕಡತವನ್ನು ಅಷ್ಟು ಜೋಪಾನ ಮಾಡಲಿಕ್ಕಿಲ್ಲ.

ಕೊನೆಗೊಂದು ದಿನ ಅವನೇ ಕರೆದು ಕವರು ಕೈಗಿಟ್ಟ. ಮನೆಯಲ್ಲಿ ದೀಪ ಆರಿಸಿ, ಕಡಲೆಕಾಯಿ ಹುರಿದಿಟ್ಟುಕೊಂಡು ಹಾಕಿದರೆ ಪರದೆಯ ಮೇಲೆ ಶಮ್ಮಿ ಕಪೂರ್! 1962ರ ಹಿಂದಿ ‘ಚೈನಾ ಟೌನ್’. ಶಕ್ತಿ ಸಾಮಂತ ಅವರದು. ಅದೂ ಕ್ರೈಮ್ ಚಿತ್ರವೇ, ಕಲ್ಕತ್ತೆಯದು. ಶಮ್ಮಿ ಕಪೂರ್ ದ್ವಿಪಾತ್ರ ಬೇರೆ. ನನ್ನ ಹೆಂಡತಿಗೆ ಖುಷಿಯೋ ಖುಷಿ. “ಒಬ್ಬ ನಿಕೋಲ್ಸನ್ ಸಿಗಲಿಲ್ಲ ಅಂತ ಇಬ್ಬರು ಶಮ್ಮಿ ಕಪೂರನ್ನ ಕೊಟ್ಟಿದಾನಲ್ಲ, ಇನ್ನೇನು ಬೇಕು ನಿಮಗೆ?” ಎಂದು ಕಡಲೆಕಾಯಿ ತಟ್ಟೆಯನ್ನು ತನ್ನ ಕಡೆಗೆ ಸರಿಸಿಕೊಂಡಳು.

ಅಸಲಿ ಡಿಸ್ಕು ಸಿಕ್ಕಿದ ದಿನವೇ ಅಪರಾಧಿಯೂ ಸಿಕ್ಕ. ಪಕ್ಕದ ರಸ್ತೆಯ ನಿವೃತ್ತ ಅಧಿಕಾರಿಗಳು. ಅದು ಅವರ ಮನೆಯ ಟಿವಿ ಮೇಲೆ, ಕೃಷ್ಣನ ವಿಗ್ರಹದ ಪಕ್ಕದಲ್ಲಿ ಹಾಯಾಗಿತ್ತಂತೆ. “ಕೇಳೋದಲ್ವೇನಯ್ಯಾ?” ಎಂದದ್ದಕ್ಕೆ ಹುಡುಗ ದನಿ ತಗ್ಗಿಸಿದ: “ದೊಡ್ಡೋರು ಸಾರ್, ಹೆಂಗೆ ಕೇಳೋದು?”

ಆ ಹುಡುಗ ಚಿತ್ರ ನೋಡಿರಲಿಲ್ಲ. ಆದರೂ ಎರಡು ಗಂಟೆಯ ಕಥೆಯನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ.

ಕಥೆ ನಡೆಯುವುದು 1937ರ ಲಾಸ್ ಏಂಜಲೀಸ್‌ನಲ್ಲಿ. ಮಳೆಯಿಲ್ಲ, ಊರೆಲ್ಲ ಬಾಯಾರಿದೆ. ಗಂಡಂದಿರ ಕಳ್ಳ ಪ್ರಣಯ ಪತ್ತೆಹಚ್ಚಿ ಹೊಟ್ಟೆ ಹೊರೆಯುವ ಜೇಕ್ ಗಿಟ್ಟಿಸ್ ಒಬ್ಬ ಎಂಜಿನಿಯರನ ಬೆನ್ನು ಹತ್ತುತ್ತಾನೆ. ಹುಡುಗಿ ಯಾರೆಂದು ನೋಡಲು ಹೋದವನಿಗೆ ಕಾಣಿಸುವುದು ನೀರು: ಬರಗಾಲದಲ್ಲಿ, ರಾತ್ರಿ ಹೊತ್ತು, ಗುಟ್ಟಾಗಿ ಸಮುದ್ರಕ್ಕೆ ಬಿಡುತ್ತಿರುವ ನೀರು. ನನ್ನ ಹೆಂಡತಿ ಎದ್ದು ಕೂತದ್ದೇ ಅಲ್ಲಿ. ಆಮೇಲೆ ಕೊಲೆಯಾದಾಗಲೂ ಅವಳು ಅಷ್ಟು ಹೌಹಾರಲಿಲ್ಲ.

ನಮಗೆ ಪತ್ತೇದಾರ ಎಂದರೆ ರಾಜ್‌ಕುಮಾರ್. 1968ರ ‘ಜೇಡರ ಬಲೆ’ಯ ಸಿಐಡಿ 999 ಎಂಥ ಹೊಡೆದಾಟದಲ್ಲೂ ಕ್ರಾಪು ಕೆಡಿಸಿಕೊಳ್ಳುವವರಲ್ಲ. ಇಲ್ಲಿ ನೋಡಿದರೆ ನಾಯಕನ ಮೂಗಿನ ಹೊಳ್ಳೆಗೇ ಚಾಕು. ಕೊಯ್ಯುವ ಕುಳ್ಳ ರೌಡಿ ಬೇರೆ ಯಾರೂ ಅಲ್ಲ, ಸ್ವತಃ ನಿರ್ದೇಶಕ ಪೊಲನ್‌ಸ್ಕಿ! ಆಮೇಲೆ ಬಹಳ ಹೊತ್ತು ಹಾಲಿವುಡ್ಡಿನ ಮಹಾನಟ ಮುಖದ ನಡುವೆ ಬಿಳಿ ಬ್ಯಾಂಡೇಜು ಅಂಟಿಸಿಕೊಂಡು ಸುಂದರಿಯರೊಡನೆ ಮಾತಾಡುತ್ತಾನೆ. ಇದಕ್ಕೆ ನಮ್ಮ ಯಾವ ಸ್ಟಾರು ಡೇಟ್ಸ್ ಕೊಟ್ಟಾನು?

ಇನ್ನೊಂದು ಚೇಷ್ಟೆಯಿದೆ. ಗಿಟ್ಟಿಸ್ ಇಲ್ಲದ ದೃಶ್ಯವೇ ಇಲ್ಲ. ಅವನಿಗೆ ಗೊತ್ತಾದಷ್ಟೇ ನಮಗೂ ಗೊತ್ತು. ಅವನಿಗೆ ಹೊಡೆತ ಬಿದ್ದು ಎಚ್ಚರ ತಪ್ಪಿದರೆ ಪರದೆಯೂ ಕಪ್ಪು. “ಕರೆಂಟ್ ಹೋಯ್ತಾ?” ಎಂದಳು ಇವಳು. ಇನ್ನು ಆ ಹೆಸರಿನ ಚೈನಾಟೌನ್ ಬರುವುದು ಕಟ್ಟಕಡೆಯ ದೃಶ್ಯದಲ್ಲಿ. ಕುಂಗ್‌ಫೂ ಆಸೆಯಿಂದ ಒಯ್ದವರು ಬೈದುಕೊಂಡದ್ದರಲ್ಲಿ ತಪ್ಪೇನಿದೆ?

ನನಗೆ ಎಲ್ಲಕ್ಕಿಂತ ಮಜಾ ಕೊಟ್ಟದ್ದು ಭೂದಾಖಲೆ ಕಚೇರಿಯ ಭಾಗ. ಬಂದೂಕಿಲ್ಲ, ಕಾರಿನ ಓಟವಿಲ್ಲ. ಗಿಟ್ಟಿಸ್ ದಪ್ಪ ಪುಸ್ತಕ ತಿರುವುತ್ತಾನೆ, ಕೆಮ್ಮಿದಂತೆ ಮಾಡಿ ಸದ್ದಡಗಿಸಿ ಹಾಳೆ ಹರಿದುಕೊಳ್ಳುತ್ತಾನೆ. ಆಮೇಲೆ ಬಯಲಾಗುತ್ತದೆ: ಒಣಗಿದ ಕಣಿವೆಯ ಜಮೀನೆಲ್ಲ ವೃದ್ಧಾಶ್ರಮದ ಅಜ್ಜ ಅಜ್ಜಿಯರ ಹೆಸರಿನಲ್ಲಿದೆ, ಅವರಿಗೇ ಗೊತ್ತಿಲ್ಲ. ಅವರಲ್ಲೊಬ್ಬ ಸತ್ತು ಒಂದು ವಾರವಾದ ಮೇಲೆ ಜಮೀನು ಕೊಂಡಿದ್ದಾನೆ! ಬೇನಾಮಿ ಎಂದರೇನೆಂದು ಅಮೆರಿಕದವರಿಗೆ ಬಿಡಿಸಿ ಹೇಳಬೇಕಾಗಬಹುದು, ನಮಗೆ ಬೇಕಿಲ್ಲ.

ಈ ಎಲ್ಲದರ ಹಿಂದಿರುವ ನೋವಾ ಕ್ರಾಸ್ ಎಲ್ಲೂ ಅಡಗಿ ಕೂತಿಲ್ಲ. ಹಗಲು ಬೆಳಕಿನಲ್ಲಿ ಪತ್ತೇದಾರನನ್ನೇ ಊಟಕ್ಕೆ ಕರೆದು, ತಲೆಯಿರುವ ಇಡೀ ಮೀನು ಬಡಿಸುತ್ತಾನೆ. ಜಾನ್ ಹ್ಯೂಸ್ಟನ್ ಆ ಪಾತ್ರವನ್ನು ಎಷ್ಟು ಆದರದಿಂದ ಮಾಡಿದ್ದಾರೆಂದರೆ, ಕರೆದರೆ ನಾನೂ ಊಟಕ್ಕೆ ಹೋಗುತ್ತಿದ್ದೆನೇನೋ. ಊರಿಗೆಲ್ಲ ಅವನು ಗೊತ್ತು. ಪೊಲೀಸರಿಗೂ ಗೊತ್ತು. ದೊಡ್ಡೋರು ಸಾರ್.

ಟೋಪಿ, ಸೂಟು, ಉದ್ದ ಮೂತಿಯ ಕಾರು ನೋಡಿ ಇದನ್ನೆಲ್ಲ ‘ಪೀರಿಯಡ್ ಚಿತ್ರ’ ಎಂದು ಕಪಾಟಿನಲ್ಲಿಡುತ್ತೇವೆ. ಟೌನ್ ಎಂಥ ಆಸಾಮಿ ಎಂದರೆ, ಬಟ್ಟೆ 1937ರದ್ದು ತೊಡಿಸಿ, ಕಳ್ಳತನವನ್ನು ಇನ್ನೂ ಹಿಂದಿನಿಂದ ಎತ್ತಿಕೊಂಡು ಬಂದಿದ್ದಾರೆ. ವಿಲಿಯಂ ಮಲ್‌ಹಾಲಂಡ್ ಎಂಬ ಎಂಜಿನಿಯರ್ ದೂರದ ಓವೆನ್ಸ್ ಕಣಿವೆಯ ನೀರನ್ನು ಸುಮಾರು 375 ಕಿಲೋಮೀಟರಿನ ಕಾಲುವೆಯಲ್ಲಿ ಲಾಸ್ ಏಂಜಲೀಸ್‌ಗೆ ತಂದದ್ದು 1913ರಲ್ಲಿ. ನೀರು ಬಂದು ಸೇರುವ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ಪತ್ರಿಕೆಯ ಒಡೆಯರೂ ಸೇರಿದಂತೆ ಊರಿನ ಗಣ್ಯರು ಅಷ್ಟರಲ್ಲಾಗಲೇ ಜಮೀನು ಮಾಡಿಕೊಂಡಿದ್ದರು. ಅತ್ತ ನೀರು ಕಳೆದುಕೊಂಡ ರೈತರು 1924ರಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. ಮಲ್‌ಹಾಲಂಡ್ ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟೆ 1928ರಲ್ಲಿ ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಅವರು ತಪ್ಪು ತಮ್ಮದೇ ಇರಬಹುದೆಂದು ವಿಚಾರಣೆಯಲ್ಲಿ ಒಪ್ಪಿಕೊಂಡರು. ಜಮೀನು ಮಾಡಿಕೊಂಡವರಿಗೆ ಒಪ್ಪಿಕೊಳ್ಳುವ ಪ್ರಮೇಯವೇ ಬರಲಿಲ್ಲ.

ಚಿತ್ರದ ಕೊನೆಯನ್ನು ನಾನು ಹೇಳುವುದಿಲ್ಲ. ಟೌನ್ ಸ್ವಲ್ಪ ದಯೆ ತೋರಿಸಿ ಮುಗಿಸಬೇಕೆಂದಿದ್ದರು, ಪೊಲನ್‌ಸ್ಕಿ ಒಪ್ಪಲಿಲ್ಲ ಎಂಬಷ್ಟು ಸಾಕು. ದೀಪ ಹಾಕಿದಾಗ ನಾನು ಗಂಭೀರವಾಗಿ, “ಪಾಪ, ಗಿಟ್ಟಿಸ್ ಸತ್ಯ ತಿಳ್ಕೊಳ್ಳೋಕೆ ಎಷ್ಟು ಒದ್ದಾಡಿದ” ಎಂದು ವಿಮರ್ಶೆ ಶುರು ಮಾಡಿದೆ. ಹೆಂಡತಿ ಕಡಲೆಸಿಪ್ಪೆ ಗುಡಿಸುತ್ತ ತೀರ್ಪು ಕೊಟ್ಟಳು:

“ಏನು ಪತ್ತೇದಾರನೋ! ಮೂಗು ಕೊಯ್ಸಿಕೊಂಡ ಮೇಲಾದ್ರೂ ಬುದ್ಧಿ ಬರಬಾರದಾ? ನೀರಿನ ವಿಷಯ ಯಾರಾದ್ರೂ ಕೇಳ್ತಾರೇನ್ರೀ? ಇಷ್ಟು ವರ್ಷದಿಂದ ಟ್ಯಾಂಕರ್ ಹಾಕಿಸ್ಕೊಳ್ತಿದೀನಿ. ಎಲ್ಲಿಂದ ತರ್ತೀಯಪ್ಪಾ ಅಂತ ಒಂದು ದಿನ ಕೇಳಿದೀನಾ?”