ನಾಗಪ್ಪನಿಗೆ ಎರಡು ಮನೆ

ಕುಡತಿನಿಯಲ್ಲಿ ಹುಟ್ಟಿದವನು ರೊಕ್ಕ ಕೊಟ್ಟು ಕಲ್ಲು ಕೊಳ್ಳುವುದೆಂದರೆ ಯಾವ ಜನ್ಮದ ಕರ್ಮವೋ! ನಮ್ಮ ಕಡೆ ಕಲ್ಲಿಗೆ ಬರವಿಲ್ಲ, ಅದರ ಸಂದಿಯಲ್ಲಿ ಹಾವೂ ಪುಕ್ಕಟೆ. ಅಂಥ ಊರಿನ ನಾನು ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ, ಫೇರ್‌ಪ್ಲೆಕ್ಸ್ ಮೈದಾನದ ‘ರೆಪ್ಟೈಲ್ ಸೂಪರ್ ಶೋ’ದಲ್ಲಿ, ಮೊಮ್ಮಗನ ಹಾವಿಗಾಗಿ ಪ್ಲಾಸ್ಟಿಕ್ ಬಂಡೆಯೊಂದನ್ನು ಚೌಕಾಸಿ ಮಾಡುತ್ತಿದ್ದೆ.

ಅದು ಹಾವುಗಳ ಸಂತೆ. ಮೇಜಿನ ತುಂಬ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದರಲ್ಲೂ ಒಂದು ಮರಿ, ಮುಚ್ಚಳದ ಮೇಲೆ ಗಂಡೋ ಹೆಣ್ಣೋ, ಬಣ್ಣದ ಜಾತಿ ಯಾವುದು, ಬೆಲೆ ಎಷ್ಟು ಎಂಬ ಚೀಟಿ. ‘ಬನಾನಾ’ ಎಂದಿದ್ದ ಡಬ್ಬಿಯನ್ನು ನನ್ನಾಕೆ ಬಾಳೆಹಣ್ಣಿನ ಚಿಪ್ಸು ಅಂದುಕೊಂಡು ಎತ್ತಿದಳು. ಒಳಗಿನ ಹಳದಿ ಚಿಪ್ಸು ನಾಲಿಗೆ ಚಾಚಿತು. “ಅಯ್ಯ, ನಾಗಪ್ಪಾ!” ಎಂದು ಡಬ್ಬಿ ಇಟ್ಟವಳು ಅಲ್ಲೇ ಚಪ್ಪಲಿ ಬಿಟ್ಟು ಕೈಮುಗಿದಳು. ಅಂಗಡಿಯವನೂ ಪಾಪ, ಕೈಮುಗಿದ.

ಮೊಮ್ಮಗ ಸಾಕಿರುವುದು ಬಾಲ್ ಪೈಥಾನ್. ಪಶ್ಚಿಮ ಆಫ್ರಿಕದ್ದು, ವಿಷವಿಲ್ಲ, ಹೆದರಿದರೆ ತಲೆಯನ್ನು ಒಳಗಿಟ್ಟು ಉಂಡೆಯಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬಾಳೀತಂತೆ. ನನ್ನ ಪಿಂಚಣಿ ಅಷ್ಟು ದಿನ ಬಾಳುವ ಲಕ್ಷಣವಿಲ್ಲ.

“ಅಜ್ಜಾ, ಅದಕ್ಕೆ ಎರಡು ಮನಿ ಬೇಕು” ಅಂದ.

“ಯಾಕಪ್ಪಾ, ಎರಡು ಸಂಸಾರ ಏನು?”

ಸಂಸಾರವಲ್ಲ, ಹವಾಮಾನ. ಹಾವು ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಹಾಗಾಗಿ ಗಾಜಿನ ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25-26 ಇರಬೇಕು. ಎರಡೂ ಕಡೆ ಅಡಗಲು ಗೂಡಿರಬೇಕು. ಒಂದೇ ಇಟ್ಟರೆ ಅಂಜುಬುರುಕ ಪ್ರಾಣಿ ಬಿಸಿಯೋ ತಂಪೋ ನೋಡದೆ ಅಲ್ಲೇ ಕೂತುಬಿಡುತ್ತದೆ. ಗೂಡು ವಿಶಾಲವಾಗಿದ್ದರೂ ಅದಕ್ಕೆ ಸಮಾಧಾನವಿಲ್ಲ, ಮೈಗೆ ಒತ್ತಿಕೊಂಡೇ ಇರಬೇಕು. ನಮ್ಮೂರ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರದ (ಬಿಟಿಪಿಎಸ್) ಸಾಮರ್ಥ್ಯ 1700 ಮೆಗಾವಾಟ್. ಆದರೂ ಕರೆಂಟು ಹೋದ ಬೇಸಿಗೆಯ ರಾತ್ರಿ ಬೀಸಣಿಗೆ ಹಿಡಿದು ಕೂತವನು ನಾನು. ಇಲ್ಲಿ ಹಾವಿನ ಸೆಕೆ-ಚಳಿ ನೋಡಿಕೊಳ್ಳಲು ಥರ್ಮೋಸ್ಟಾಟ್ ಬೇರೆ.

ಅಲಂಕಾರದ ಅಂಗಡಿಯಲ್ಲಿ ತಲೆಬುರುಡೆ, ಕಾರ್ಕ್ ಮರದ ತೊಗಟೆ, ಪ್ಲಾಸ್ಟಿಕ್ ಬಳ್ಳಿ ಎಲ್ಲ ಇದ್ದವು. ಬಾಗಿಲು ಕೊರೆದ ತೆಂಗಿನ ಚಿಪ್ಪಿಗೆ ಹತ್ತು ಡಾಲರ್. “ನೀರೊಲಿಗೆ ಹಾಕೋ ಚಿಪ್ಪಲ್ಲೇನು ಇದು!” ಎಂದು ನನ್ನಾಕೆಗೆ ಮೊದಲ ಬಾರಿಗೆ ಹಾವಿಗಿಂತ ಹೆಚ್ಚು ಗಾಬರಿಯಾಯಿತು. ನೆಲಕ್ಕೆ ಹಾಸುವ ತೆಂಗಿನ ನಾರಿನ ಪುಡಿಯ ಬೆಲೆಯನ್ನು ನಾನು ಅವಳಿಗೆ ತೋರಿಸಲಿಲ್ಲ.

ಇಷ್ಟೆಲ್ಲ ಇದ್ದರೂ ಹುತ್ತ ಮಾತ್ರ ಮಾರಾಟಕ್ಕಿರಲಿಲ್ಲ. ಆಫ್ರಿಕದಲ್ಲಿ ಈ ಹಾವು ಇರುವುದೇ ಇಲಿಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ. ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು ಎಂಬ ನಮ್ಮ ಗಾದೆಗೆ ಅಲ್ಲೂ ಸಾಕ್ಷಿ ಸಿಗುತ್ತದೆ. ಕೊನೆಗೆ ಒಂದೇ ಅಳತೆಯ ಎರಡು ಕಪ್ಪು ಗೂಡು ಕೊಂಡೆವು. ಚಂದವಿಲ್ಲ, ಆದರೆ ಮನೆಗೆ ತಂದಿಟ್ಟ ಮರುಕ್ಷಣವೇ ಹಾವು ಒಳಹೊಕ್ಕಿತು. ಬಂಡೆಯೂ ಬಂತು, ಅದನ್ನು ಹಾವು ಇನ್ನೂ ಮೂಸಿಲ್ಲ.

ಇದನ್ನು ಓದಿ ನಮ್ಮೂರ ಹುಡುಗರು ಗುಡ್ಡದ ಹಾವಿಗೆ ಗಾಜಿನ ಪೆಟ್ಟಿಗೆ ತರುವುದು ಬೇಡ. ನಮ್ಮ ಕಾಡುಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಪಂಚಮಿಗೆ ಹಾಲೂ ಬೇಡ, ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಹೊಲದ ಹುತ್ತವನ್ನು ಅಗೆಯದೆ ಬಿಡಿ, ಶೇಂಗಾ ಉಂಡಿ ನೀವೇ ತಿನ್ನಿ.