ಮುಂಗಾಲಿ ಆಕ್ಸಲ್ ಶಾಫ್ಟ್ ಮೀಮಾಂಸೆ: ಶ್ರೀರಾಂಪುರ ಸಂಪ್ರದಾಯ

ಶಾಸ್ತ್ರಗ್ರಂಥವೊಂದು ತನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲಲ್ಲೇ ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಮರ್ಯಾದೆಯಾದ್ದರಿಂದ, ಫೋರ್‌ವೀಲ್ ಜೀಪಿನ ಮುಂದಿನ ಆಕ್ಸಲ್ ಶಾಫ್ಟನ್ನು ಗ್ಯಾರೇಜಿನ ಹಂಗಿಲ್ಲದೆ ಮನೆಯಲ್ಲೇ ಬದಲಿಸುವ ವಿದ್ಯೆಗೂ ಅದೇ ಕ್ರಮ ಸಲ್ಲತಕ್ಕದ್ದು. ಇಲ್ಲಿ ವಿಷಯವೆಂದರೆ ಶಾಫ್ಟು, ಅಂದರೆ ಡಿಫರೆನ್ಷಿಯಲ್ ಎಂಬ ಗೇರುಪೆಟ್ಟಿಗೆಯಿಂದ ಗಾಲಿಯವರೆಗೆ ತಿರುಗುಬಲವನ್ನು ಒಯ್ಯುವ ಉಕ್ಕಿನ ಸರಳು. ಪ್ರಯೋಜನವೆಂದರೆ ಕೂಲಿಯ ಉಳಿತಾಯವೆಂದು ಜನ ನಂಬಿದ್ದಾರೆ. ಆ ನಂಬಿಕೆಯನ್ನು ಮುಂದೆ ಪರೀಕ್ಷಿಸಲಾಗುವುದು. ಸಂಬಂಧವನ್ನು ಗ್ರೀಸು ತಾನಾಗಿಯೇ ಕಲ್ಪಿಸುತ್ತದೆ. ಇನ್ನು ಅಧಿಕಾರಿಯೆಂದರೆ ಜಾಕಿ, ಎರಡು ಸ್ಟ್ಯಾಂಡು, ಒಂದು ಡಬ್ಬ ಡೀಸೆಲ್, ಒಂದು ಹಿಡಿ ಬನಿಯನ್ ವೇಸ್ಟ್ ಎಂಬ ಸಾಧನ ಚತುಷ್ಟಯದಿಂದ ಸಂಪನ್ನನಾಗಿ, ಭಾನುವಾರ ಯಾವ ಮದುವೆಗೂ ಕರೆಯಿಲ್ಲದವನು.

ಮನೆಯಲ್ಲಿ ಎಂಬ ಮಾತಿಗೆ ಮಾತ್ರ ವ್ಯಾಖ್ಯಾನ ಬೇಕು. ಬೆಂಗಳೂರಿನಲ್ಲಿ ಮಲ್ಲೇಶ್ವರಕ್ಕೂ ರಾಜಾಜಿನಗರಕ್ಕೂ ನಡುವೆ ಒತ್ತಾಗಿ ಕೂತ ಶ್ರೀರಾಂಪುರದ ಒಳಕ್ರಾಸುಗಳಲ್ಲಿ ಹೊಸ್ತಿಲು ದಾಟಿದರೆ ಚರಂಡಿಯ ಚಪ್ಪಡಿ, ಚಪ್ಪಡಿ ದಾಟಿದರೆ ರಸ್ತೆ ಎಂಬಂತಹ ಮನೆಗಳೇ ಹೆಚ್ಚಿರುವುದರಿಂದ, ಎರಡು ಗಾಲಿಗಳನ್ನು ಚಪ್ಪಡಿಯ ಮೇಲೂ ಇನ್ನೆರಡನ್ನು ಡಾಂಬರಿನ ಮೇಲೂ ಊರಿ ನಿಂತ ಜೀಪು ಮನೆಯೊಳಗಿದೆಯೋ ಹೊರಗಿದೆಯೋ ಎಂಬುದು ಅನಿರ್ವಚನೀಯ. ಆದಕಾರಣ ಈ ಸಂಪ್ರದಾಯದಲ್ಲಿ ಮನೆಯಲ್ಲಿ ಮಾಡಿದ ರಿಪೇರಿ ಎಂದರೆ ಇಡೀ ಕ್ರಾಸು ನೋಡುತ್ತಿರುವಾಗ ಮಾಡಿದ ರಿಪೇರಿ ಎಂದೇ ಅರ್ಥ.

ಇಂಥ ಕ್ಷೇತ್ರಕ್ಕೆ ಇಂಥ ವಾಹನ ಬಂದುದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ಮೇಲೆ ಆ ವಂಶ ಕರ್ನಾಟಕದಲ್ಲಿ ಸಾರ್ಥಕವಾಗಿ ಬಾಳಿದ್ದು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮತ್ತು ಕೊಡಚಾದ್ರಿಯ ಕೊರಕಲು ದಾರಿಯಲ್ಲಿ. ಅಲ್ಲಿ ಕೆಸರಿದೆ, ಏರಿದೆ, ಜಾರುವ ಕಲ್ಲಿದೆ, ಮುಂದಿನ ಗಾಲಿಗಳಿಗೂ ಬಲ ಬೇಕೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಶ್ರೀರಾಂಪುರದಲ್ಲಾದರೋ 2014ರ ಮಾರ್ಚಿನಿಂದ ತಲೆಯ ಮೇಲೆಯೇ ಮೆಟ್ರೋ ಓಡುತ್ತಿದೆ. ಜೋರು ಮಳೆಗೆ ಓಕಳಿಪುರದ ಕಡೆ ರೈಲ್ವೆ ಸೇತುವೆಯಡಿ ನೀರು ನಿಲ್ಲುವುದನ್ನು ಕೆಲವರು ಸಮರ್ಥನೆಗೆ ತರುವುದುಂಟು. ಆದರೆ ಫೋರ್‌ವೀಲ್ ಎಂಬುದು ಗಾಲಿಗೆ ಹಿಡಿತ ಕೊಡುವ ಉಪಾಯವೇ ಹೊರತು ಎಂಜಿನ್ನನ್ನು ತೇಲಿಸುವ ಉಪಾಯವಲ್ಲವಾದ್ದರಿಂದ, ಮತ್ತು ನೀರಿಗಿಳಿದ ಹಬ್ಬಿನಲ್ಲಿ ಗ್ರೀಸು ಹಾಲುಬಣ್ಣಕ್ಕೆ ತಿರುಗುವುದೊಂದೇ ಇದರಿಂದ ಸಿದ್ಧಿಸುವುದಾದ್ದರಿಂದ, ಆ ವಾದ ನಿಲ್ಲುವುದಿಲ್ಲ.

ಹಾಗಿದ್ದ ಮೇಲೆ, ಕೆಲಸವೇ ಇಲ್ಲದ ಶಾಫ್ಟು ಹಾಳಾಗುವುದು ಹೇಗೆ? ಇದೇ ಈ ಮೀಮಾಂಸೆಯ ತಿರುಳು. ಹಳೆಯ ಜೀಪುಗಳಲ್ಲಿ ಶಾಫ್ಟಿನ ಹೊರತುದಿ ಡ್ರೈವ್ ಫ್ಲ್ಯಾಂಜ್ ಎಂಬ ಬಿಲ್ಲೆಯ ಮೂಲಕ ಹಬ್ಬಿಗೆ ಬಿಗಿಯಾಗಿ ಸೇರಿರುವುದರಿಂದ, ಲಿವರ್ ಟೂವೀಲಿನಲ್ಲೇ ಇದ್ದರೂ ಗಾಲಿ ತಿರುಗಿದಾಗಲೆಲ್ಲ ಶಾಫ್ಟೂ ತಿರುಗುತ್ತದೆ. ಬಲವನ್ನು ಹೊರುವುದಿಲ್ಲ, ಫಲವನ್ನು ಬೇಡುವುದಿಲ್ಲ, ಸುಮ್ಮನೆ ಸವೆಯುತ್ತದೆ. ನಿಷ್ಕಾಮ ಕರ್ಮಕ್ಕೆ ಉಕ್ಕಿನಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ತಿರುಗಾಟವನ್ನು ತಪ್ಪಿಸಲೆಂದೇ ಹೊರಟ ಫ್ರೀವೀಲಿಂಗ್ ಹಬ್ಬನ್ನು, ಅಂದರೆ ಬೇಡವಾದಾಗ ಗಾಲಿಗೂ ಶಾಫ್ಟಿಗೂ ನಂಟು ಬಿಡಿಸುವ ಸಾಧನವನ್ನು, ಸನ್ಯಾಸಮಾರ್ಗವೆಂದು ಕರೆಯಬಹುದು.

ಆದರೆ ಬರೀ ಸವೆತದಿಂದ ಶಾಫ್ಟು ಮುರಿಯುವುದಿಲ್ಲ. ರಸ್ತೆಗುಂಡಿಯೇ ಕಾರಣವೆಂಬುದು ಪೂರ್ವಪಕ್ಷ. ಬೆಂಗಳೂರಿನಲ್ಲಿ ಯಾವುದು ಮುರಿದರೂ ಗುಂಡಿಯ ಮೇಲೆ ಹೊರಿಸುವ ವಾಡಿಕೆ ಇರುವುದರಿಂದ ಇದಕ್ಕೆ ಅನುಯಾಯಿಗಳು ಹೆಚ್ಚು. ಸಿದ್ಧಾಂತ ಬೇರೆ. ಈ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ವೇಗದ ವ್ಯತ್ಯಾಸವನ್ನು ನುಂಗುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಾದರೋ ಮುಂದಿನ ಗಾಲಿಗಳು ದೊಡ್ಡ ಸುತ್ತನ್ನು ಬಳಸುತ್ತವೆ. ಆಕ್ಸಲುಗಳ ನಡುವೆ ಸುಮಾರು 2 ಮೀಟರ್ ಅಂತರವಿರುವ ಜೀಪೊಂದರ ಹಿಂದಿನ ಆಕ್ಸಲಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ ಮುಂದಿನದು ಅದಕ್ಕಿಂತ ಸುಮಾರು 60 ಸೆಂಟಿಮೀಟರ್ ಹೆಚ್ಚು ದೂರ ಹೋಗಬೇಕಾಗುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಈ ಲೆಕ್ಕವನ್ನು ಚುಕ್ತಾ ಮಾಡುತ್ತದೆ. ಒಣ ಡಾಂಬರಿನಲ್ಲಿ ಸಾಲವೆಲ್ಲ ಶಾಫ್ಟಿನ ಮೈಯಲ್ಲಿ ತಿರುಚಾಗಿ ಉಳಿಯುತ್ತದೆ. ಊರಿಂದ ಬಂದ ಭಾವಮೈದುನನಿಗೆ ಫೋರ್‌ವೀಲ್ ತೋರಿಸಲು ಲಿವರ್ ಎಳೆದು, ಸ್ಟೀರಿಂಗನ್ನು ಕಡೆಯವರೆಗೆ ಒಡೆದು, ಇಕ್ಕಟ್ಟಿನ ಕ್ರಾಸಿನಲ್ಲಿ ರಿವರ್ಸ್ ತೆಗೆಯುವ ಶುಭ ಮುಹೂರ್ತದಲ್ಲೇ ಟಕ್ ಎಂಬ ಶಬ್ದ ಉತ್ಪನ್ನವಾಗುತ್ತದೆ. ಆದ್ದರಿಂದ ಶ್ರೀರಾಂಪುರದ ಶಾಫ್ಟು ದುಡಿಮೆಯಿಂದಲ್ಲ, ಪ್ರದರ್ಶನದಿಂದ ಸಾಯುತ್ತದೆ ಎಂಬುದು ನಿಶ್ಚಿತ.

ಆ ಶಬ್ದ ಬರುವ ಜಾಗ ಜಾಯಿಂಟು. ಮುಂದಿನ ಗಾಲಿ ತಿರುಗುತ್ತಲೂ ಇರಬೇಕು, ಪಕ್ಕಕ್ಕೆ ಹೊರಳುತ್ತಲೂ ಇರಬೇಕಾದ್ದರಿಂದ ಶಾಫ್ಟಿಗೆ ಅಲ್ಲೊಂದು ಕೀಲು ಅನಿವಾರ್ಯ. 16ನೆಯ ಶತಮಾನದ ಇಟಲಿಯ ಕಾರ್ಡಾನೊನ ಹೆಸರು ಹೊತ್ತ, ನಮ್ಮ ಮೆಕ್ಯಾನಿಕ್ಕುಗಳು ಕ್ರಾಸ್ ಎನ್ನುವ ಕೀಲು ಓರೆಯಾದಾಗ ಸಮವೇಗದಲ್ಲಿ ತಿರುಗದೆ, 30 ಡಿಗ್ರಿ ಓರೆಯಲ್ಲಿ ಒಂದೇ ಸುತ್ತಿನೊಳಗೆ ಮೂಲವೇಗದ 0.87 ಪಟ್ಟಿಗೂ 1.15 ಪಟ್ಟಿಗೂ ನಡುವೆ ತುಯ್ಯುತ್ತದೆ. ಈ ಚಾಂಚಲ್ಯವನ್ನು ಉಕ್ಕಿನ ಗುಂಡುಗಳ ಮೂಲಕ ನಿಗ್ರಹಿಸಿದ ಕೀಲಿಗೆ 1920ರ ದಶಕದಲ್ಲಿ ರೂಪ ಕೊಟ್ಟ ಆಲ್ಫ್ರೆಡ್ ರೆಪ್ಪಾನ ಹೆಸರನ್ನು ಬಿಡಿಭಾಗದ ಅಂಗಡಿಯಲ್ಲಿ ಉಚ್ಚರಿಸಿದರೆ ಬೆಲೆ ಏರುತ್ತದಾದ್ದರಿಂದ ಮೌನವೇ ಲೇಸು.

ಇನ್ನು ಪ್ರಯೋಗಕಾಂಡ. ಗಾಲಿಯ ನಟ್ಟುಗಳನ್ನು ಜಾಕಿ ಏರಿಸುವ ಮೊದಲೇ ಸಡಿಲಿಸಬೇಕೆಂಬುದು ಎಲ್ಲ ಶಾಖೆಗಳಿಗೂ ಸಮ್ಮತ; ಆದರೆ ಹಳೆಯ ವಿಲ್ಲಿಸ್ ಜೀಪುಗಳ ಎಡಗಾಲಿಗಳ ನಟ್ಟು ಎಡಮುರಿಯದ್ದು, ಎಂದರೆ ಮಿಕ್ಕ ನಟ್ಟುಗಳು ಬಿಚ್ಚುವ ದಿಕ್ಕಿನಲ್ಲಿ ಇದು ಬಿಗಿಯುವಂಥದ್ದು ಎಂಬ ರಹಸ್ಯ ತಿಳಿಯದೆ ಸ್ಪ್ಯಾನರಿನ ಮೇಲೆ ಹತ್ತಿ ನಿಂತವನು ಸ್ಟಡ್ಡನ್ನೇ ಕೈಗೆ ತೆಗೆದುಕೊಳ್ಳುತ್ತಾನೆ. ಆಗ ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹಿರಿಯರೊಬ್ಬರು, "ಅದು ಉಲ್ಟಾ ಥ್ರೆಡ್ ಕಣಪ್ಪಾ, ಆಗಲೇ ಹೇಳೋಣ ಅಂತಿದ್ದೆ" ಎಂದು ಭಾಷ್ಯ ಹೇಳುತ್ತಾರೆ. ಭಾಷ್ಯಕಾರರು ಸೂತ್ರ ಮುರಿದ ಮೇಲೆಯೇ ಬರುವುದು ಎಲ್ಲ ಶಾಸ್ತ್ರಗಳಲ್ಲೂ ಕಂಡ ಸಂಗತಿ.

ಗಾಲಿ ಇಳಿದ ಮೇಲೆ ಹಬ್ಬಿನ ಮುಚ್ಚಳ, ಸರ್ಕ್ಲಿಪ್, ಫ್ಲ್ಯಾಂಜು, ಹೊರನಟ್ಟು, ಕಿವಿ ಮಡಚಿದ ಲಾಕ್ ವಾಷರ್, ಒಳನಟ್ಟು, ಬೇರಿಂಗು, ಡ್ರಮ್ಮು ಇವೆಲ್ಲ ಒಂದರ ಹಿಂದೊಂದು ಕಳಚುತ್ತವೆ. ಕಳಚಿದ ಕ್ರಮ ಮರೆಯದಿರಲು ಹಳೆಯ ಇಡ್ಲಿ ತಟ್ಟೆಗೆ ಸಮನಾದ ಸಾಧನವಿಲ್ಲ: ಮೊದಲ ಗುಳಿಯಲ್ಲಿ ಬೋಲ್ಟುಗಳು, ಎರಡನೆಯದರಲ್ಲಿ ವಾಷರು, ಮೂರನೆಯದರಲ್ಲಿ ಕಪ್ಪು ಗ್ರೀಸಿನಲ್ಲಿ ಹೊಳೆಯುವ ಬೇರಿಂಗು, ನಾಲ್ಕನೆಯದು ಖಾಲಿ, ಏಕೆಂದರೆ ಸರ್ಕ್ಲಿಪ್ ಎಂಬ ಸ್ಪ್ರಿಂಗುಬಳೆ ಇಕ್ಕಳದಿಂದ ಚಿಮ್ಮಿ ಎರಡು ಚಪ್ಪಡಿಗಳ ಸಂದಿನಲ್ಲಿ ಚರಂಡಿಗೆ ಸೇರಿರುತ್ತದೆ. ಬ್ರೇಕಿನ ತಟ್ಟೆಯನ್ನು ಪೈಪಿನ ಮೇಲೆ ಜೋತುಬೀಳದಂತೆ ತಂತಿಯಲ್ಲಿ ಕಟ್ಟಿ, ಸ್ಪಿಂಡಲ್ ಎಂಬ ಕೊಳವೆಯನ್ನು ಎಳೆದರೆ, ಅದರ ಹಿಂದೆಯೇ ಶಾಫ್ಟು ಜಾರಿ ಬರುತ್ತದೆ. ವಾಹನದ ಭಾರವನ್ನು ಸ್ಪಿಂಡಲ್ಲೂ ಬೇರಿಂಗುಗಳೂ ಹೊರುವುದರಿಂದ, ಶಾಫ್ಟು ತೇಲಿಕೊಂಡಿರುವ ಈ ರಚನೆಗೆ ಫುಲ್ ಫ್ಲೋಟಿಂಗ್ ಎಂದು ಹೆಸರು. ಶಾಫ್ಟಿಲ್ಲದೆಯೂ ಗಾಲಿ ನಿಲ್ಲುತ್ತದೆ, ಜೀಪು ಹಿಂದಿನ ಗಾಲಿಗಳಿಂದಲೇ ಓಡುತ್ತದೆ ಎಂಬ ಅಪ್ರಿಯ ಸತ್ಯ ಇಲ್ಲಿ ಹೊರಬೀಳುತ್ತದೆ. ಈ ಹಂತದಲ್ಲಿ ಹೊಸ ಶಾಫ್ಟನ್ನೇ ಹಾಕದೆ ಮುಚ್ಚಿಬಿಡುವ ಅಜಾತವಾದಿಗಳೂ ಉಂಟು.

ಮಿಕ್ಕವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುತ್ತಾರೆ. ಡಿಫರೆನ್ಷಿಯಲ್ ನಡುಮಧ್ಯದಲ್ಲಿರದೆ ಒಂದು ಪಕ್ಕಕ್ಕೆ ಸರಿದಿರುವುದರಿಂದ ಒಂದು ಶಾಫ್ಟು ಉದ್ದ, ಇನ್ನೊಂದು ಗಿಡ್ಡ. ಬಾಯಲ್ಲಿ ಹೇಳಿದ ಅಳತೆಯನ್ನು ಯಾವ ಅಂಗಡಿಯವರೂ ನಂಬುವುದಿಲ್ಲ, "ಸ್ಯಾಂಪಲ್ ತಗೊಂಡ್ ಬನ್ನಿ ಸಾರ್" ಎನ್ನುತ್ತಾರೆ. ಶ್ರೀರಾಂಪುರದಿಂದ ಅಲ್ಲಿಗೆ ಹತ್ತಿರದ ಕೆ.ಆರ್. ಮಾರ್ಕೆಟ್ಟಿಗೆ ಹಸಿರು ಮಾರ್ಗದ ಮೆಟ್ರೋ ನೇರವಾಗಿಯೇ ಇದೆಯಾದರೂ, ಭೀಮನ ಗದೆಯಂತಹ ಗ್ರೀಸು ಸೋರುವ ಸರಳನ್ನು ತಪಾಸಣೆಯ ಯಂತ್ರದೊಳಗೆ ತೂರಿಸಿ ಅದರ ಉದ್ದೇಶವನ್ನು ವಿವರಿಸುವುದಕ್ಕಿಂತ ಆಟೋ ಸುಲಭವೆಂದು ವಿದ್ವಾಂಸರ ಮತ. ಹೋಗಿಬರುವ ಆಟೋ, ಮುರಿದ ಸ್ಟಡ್ಡು, ಚರಂಡಿಪಾಲಾದ ಸರ್ಕ್ಲಿಪ್ಪು, ಎರಡನೆಯ ಸಲ ಹೋಗಿಬರುವ ಆಟೋ, ಹೊಸ ಆಯಿಲ್ ಸೀಲು, ಭಾಷ್ಯಕಾರರಿಗೆ ತರಿಸಿದ ಬೈಟು ಕಾಫಿ ಇವನ್ನು ಕೂಡಿಸಿದರೆ ಮೊದಲು ಹೇಳಿದ ಪ್ರಯೋಜನ ಬಾಧಿತವಾಗುತ್ತದೆ. ಆದರೂ ಪ್ರವೃತ್ತಿ ನಿಲ್ಲದಿರುವುದರಿಂದ ಇದನ್ನು ನಿತ್ಯಕರ್ಮವೆಂದೇ ಗಣಿಸಬೇಕು. ಮಾಡಿದರೆ ಫಲವಿಲ್ಲ, ಮಾಡದಿದ್ದರೆ ದೋಷವುಂಟು.

ಮರುಜೋಡಣೆಯಲ್ಲಿ ಒಂದೇ ಸೂಕ್ಷ್ಮ. ಒಳನಟ್ಟನ್ನು ಗಾಲಿ ತಡೆಯುವವರೆಗೆ ಬಿಗಿದು, ಅನಂತರ ಸುತ್ತಿನ ಆರನೆಯ ಒಂದರಷ್ಟು ಹಿಂದಕ್ಕೆ ಬಿಟ್ಟು, ಗಾಲಿ ಸರಾಗವಾಗಿ ತಿರುಗುವುದನ್ನೂ ಅಲುಗಾಡದಿರುವುದನ್ನೂ ಕೈಯಿಂದಲೇ ನೋಡಿ ಲಾಕ್ ಮಾಡಬೇಕು; ಅತಿಯಾಗಿ ಬಿಗಿದರೆ ಬೇರಿಂಗು ಸುಡುತ್ತದೆ, ಸಡಿಲಬಿಟ್ಟರೆ ಗಾಲಿ ನರ್ತಿಸುತ್ತದೆ.

ಉಳಿದದ್ದು ಪರೀಕ್ಷೆ. ಒಣ ಡಾಂಬರಿನಲ್ಲಿ ಫೋರ್‌ವೀಲ್ ಹಾಕಕೂಡದೆಂದು ಮೇಲೆ ಸಿದ್ಧಪಟ್ಟಿರುವುದರಿಂದ ಸಡಿಲ ಮಣ್ಣು ಬೇಕು. ಶ್ರೀರಾಂಪುರದಲ್ಲಿ ಅದು ಲಭ್ಯವಾಗುವುದು ಪೈಪಿಗಾಗಿ ರಸ್ತೆ ಅಗೆದು, ಮಣ್ಣೆಳೆದು, ಇನ್ನೂ ಡಾಂಬರು ಹಾಕದಿರುವ ಅವಧಿಯಲ್ಲಿ ಮಾತ್ರ. ಈ ಪುಣ್ಯಕಾಲ ಬೆಂಗಳೂರಿನಲ್ಲಿ ಸಾಕಷ್ಟು ದೀರ್ಘವಾಗಿಯೇ ಇರುವುದರಿಂದ ಅವಸರಪಡಬೇಕಾಗಿಲ್ಲ. ಒಂದು ಮಳೆಯೂ ಬಿದ್ದ ಮೇಲೆ, ಪಕ್ಕದ ಮನೆಯವರ ಸ್ಕೂಟರ್ ಸರಿಸಿಕೊಂಡು, ಲಿವರ್ ಎಳೆಯಬಹುದು. ಭಾವಮೈದುನನಿಗೆ ಮೊದಲೇ ತಿಳಿಸತಕ್ಕದ್ದು.