ಜೋಡಿಯಾಗಿ ಕುಮಾರ ಪರ್ವತಕ್ಕೆ

ಶಾರದಕ್ಕ, ಸ್ವಲ್ಪ ನಿಲ್ಲಿ, ದಾಸವಾಳ ಆಮೇಲೆ ಕುಯ್ದುಕೊಳ್ಳೋರಂತೆ. ಮೊನ್ನೆ ಕೇಳಿದ್ರಲ್ಲ, ಗಂಡ ಹೆಂಡತಿ ಇಬ್ಬರೇ ಕುಮಾರ ಪರ್ವತ ಹತ್ತೋದು ಆಗೋ ಮಾತಾ ಅಂತ? ಆಗತ್ತೆ ಅಕ್ಕ. ಇಬ್ಬರಲ್ಲಿ ಯಾರ ನಡಿಗೆ ನಿಧಾನವೋ ಅವರು ಮುಂದಿರಬೇಕು, ಅಷ್ಟೇ.

ಬೆಟ್ಟದ ತುದಿ 1,712 ಮೀಟರ್. ನಾವು ಹತ್ತೋಕೆ ಶುರು ಮಾಡಿದ ಕುಕ್ಕೆ ಇರೋದು ತೀರಾ ತಗ್ಗಿನಲ್ಲಿ, ಹಾಗಾಗಿ ಹೆಚ್ಚುಕಡಿಮೆ ಅಷ್ಟೂ ಎತ್ತರ ಕಾಲಲ್ಲೇ ಏರಬೇಕು. ಶುರುವಿನಲ್ಲೇ ದಟ್ಟ ಕಾಡು. ಗಾಳಿ ಆಡಲ್ಲ, ಮರದ ಬೇರುಗಳೇ ಮೆಟ್ಟಿಲು. ಬಿರುಸಾಗಿ ನಡೆಯೋರು ಮುಂದೆ ಹೋದ್ರೆ ಏನಾಗತ್ತೆ ಹೇಳಿ? ಮೇಲೆ ಕೂತು ಸುಧಾರಿಸ್ಕೋತಾರೆ, ಹಿಂದಿನವರು ಏದುಸಿರು ಬಿಡ್ತಾ ಬಂದ ತಕ್ಷಣ "ಹೊರಡೋಣ್ವಾ" ಅಂತ ಎದ್ದುಬಿಡ್ತಾರೆ. ದಣಿದವರಿಗೇ ಕೂರೋಕೆ ಪುರಸೊತ್ತಿಲ್ಲ! ನಮ್ಮೆಜಮಾನರಿಗೆ ಮಂಡಿ ನೋವು, ಅದಕ್ಕೇ ಅವರನ್ನ ಮುಂದೆ ಬಿಟ್ಟು ನಾನು ಹಿಂದೆ ಹೋದೆ. ಅವರು ನಿಂತಲ್ಲಿ ನಾನೂ ನಿಂತೆ.

ಕಾಡು ಮುಗಿದ ಮೇಲೆ ಭಟ್ಟರ ಮನೆ. ಚಾರಣಕ್ಕೆ ಬರೋರಿಗೆಲ್ಲ ಅಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಆ ಮಜ್ಜಿಗೆಯ ರುಚಿ ಹತ್ತಿ ಬಂದವರಿಗೇ ಗೊತ್ತು. ಅಲ್ಲೇ ಹತ್ತಿರದಲ್ಲಿ ಟೆಂಟ್ ಹಾಕಿ ಮಲಗಿದ್ವಿ. ತುದಿಯಲ್ಲಿ ಉಳಿಯೋಕೆ ಅರಣ್ಯ ಇಲಾಖೆಯವರು ಬಿಡಲ್ಲ, ಬಿಡಲೂಬಾರದು, ಅದು ಪುಷ್ಪಗಿರಿ ವನ್ಯಜೀವಿ ಧಾಮ. ನಿಯಮ ಆಗಾಗ ಬದಲಾಗ್ತಿರತ್ತೆ, ವಿಚಾರಿಸಿಕೊಂಡೇ ಹೊರಡಬೇಕು. ಸಾವಿರ ಮೀಟರ್ ಮೇಲೆ ಹೋದ್ರೆ ಸುಮಾರು 6 ಡಿಗ್ರಿ ತಂಪು ಜಾಸ್ತಿ, ಸ್ವೆಟರ್ ಮರೀಬೇಡಿ.

ಬೆಳಗ್ಗೆ ಎದ್ದು ಹುಲ್ಲುಗಾವಲಿಗೆ ಬಿದ್ದಾಗ ನಿಧಾನದ ಬೆಲೆ ತಿಳೀತು. ಗುಡ್ಡದ ಮೈಯೆಲ್ಲ ಹುಲ್ಲು, ಮಡಿಕೆ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಕುಳ್ಳ ಮರಗಳ ಶೋಲಾ ಕಾಡು. ಮಂಡಿ ನೋವಿಗೆ ಅಂತ ಕೂತ ಜಾಗದಲ್ಲಿ ಹುಲ್ಲಿನ ಬುಡದಿಂದ ನೀರು ಜಿನುಗ್ತಿತ್ತು, ಹೊಸ ಮಡಕೆ ಬೆವರೋ ಹಾಗೆ. ಮಳೆಗಾಲದಲ್ಲಿ ಸುರಿದದ್ದನ್ನ ಈ ಹುಲ್ಲು, ಈ ಶೋಲಾ ಮಣ್ಣೊಳಗೆ ಹಿಡಿದಿಟ್ಟು, ಮಳೆ ನಿಂತ ಮೇಲೂ ಇಷ್ಟಿಷ್ಟೇ ಬಿಡ್ತವೆ. ಕುಮಾರಧಾರೆ ಹುಟ್ಟೋದು ಹೀಗೆ ಅಕ್ಕ! ಕುಕ್ಕೆಯಲ್ಲಿ ನಾವು ಮಿಂದು ದೇವಸ್ಥಾನಕ್ಕೆ ಹೋಗ್ತೀವಲ್ಲ, ಅದೇ ನೀರು. ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರೋದೂ ಅದೇ. ಓಡಿಕೊಂಡು ಹತ್ತಿದವರಿಗೆ ಇದು ಬರೀ ಜಾರೋ ದಾರಿ.

ಶೇಷ ಪರ್ವತದ ಏಣು ದಾಟಿ, ಮತ್ತೊಂದು ಶೋಲಾ ಕಾಡಿನೊಳಗೆ ನುಗ್ಗಿ, ಕೊನೆಯ ಬಂಡೆ ಹತ್ತಿದ್ರೆ ತುದಿ. ಬಂಡೆ ಹತ್ರ ಮಾತ್ರ ನಾನು ಮೊದಲು ಹತ್ತಿ ಕೈ ಕೊಟ್ಟೆ.

ಇಳಿಯೋದು ಹತ್ತೋದಕ್ಕಿಂತ ಕಷ್ಟ, ಭಾರವೆಲ್ಲ ಮಂಡಿ ಮೇಲೇ ಬೀಳತ್ತೆ. ಕೋಲು ಇರಲೇಬೇಕು, ಹೆಜ್ಜೆ ಸಣ್ಣದಿರಬೇಕು. ಪ್ಲಾಸ್ಟಿಕ್ ಕವರು, ಬಾಟಲಿ ಒಂದನ್ನೂ ಬಿಡದೆ ಕೆಳಗೆ ತನ್ನಿ. ನದಿಯ ತವರಿನಲ್ಲಿ ಕಸ ಎಸೆಯೋದನ್ನ ಕಂಡ್ರೆ ನನಗೆ ಹೊಟ್ಟೆ ಉರಿಯತ್ತೆ.

ಅಣ್ಣನಿಗೆ ಅಷ್ಟು ದೂರ ಬೇಡ ಅನ್ನಿಸಿದ್ರೆ ಮೊದಲು ಕೊಡಚಾದ್ರಿ ನೋಡಿ. ಅದು 1,343 ಮೀಟರ್. ಜೀಪು ಬಹುಪಾಲು ಹತ್ತತ್ತೆ, ಅಲ್ಲಿಂದ ಸರ್ವಜ್ಞ ಪೀಠದವರೆಗೆ ನಡೆದ್ರೆ ಸಾಕು. ಮಳೆ ಮುಗಿಯಲಿ, ನಾಲ್ಕೂ ಜನ ಹೊರಡೋಣ. ಅಣ್ಣನೇ ಮುಂದೆ ನಡೀಲಿ.